ಅತ್ತೆ ಮತ್ತು ಮರಳಿನ ಮೇಲಿನ ಪಂದ್ಯ

ನಮ್ಮ ಅತ್ತೆಯವರದು ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡ ಅಗಲವಾದ ಪಾದಗಳು. ಜೀಪು ಹತ್ತಿದೊಡನೆ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿ, ನೆರಿಗೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲೇ ಆಕ್ಸಿಲರೇಟರ್ ಒತ್ತುತ್ತಿದ್ದರು. ಹೊನ್ನವಳ್ಳಿಯ ನಮ್ಮ ತೋಟದಿಂದ ತಿಪಟೂರಿನ ಮಂಡಿಗೆ ಕೊಬ್ಬರಿ ಚೀಲಗಳನ್ನು ಒಯ್ಯುತ್ತಿದ್ದವರು ಅವರೇ. ದಾರಿಯಲ್ಲಿ ಬಸ್ಸನ್ನು ಹಿಂದೆ ಹಾಕಿದ್ದರೆ ಅವತ್ತು ಊಟಕ್ಕೆ ಕೂತಾಗ ಅದೇ ಸುದ್ದಿ.

ನನ್ನ ಮಗಳು ಮೊಬೈಲಿನಲ್ಲಿ ಹಳೆಯ ಮೋಟಾರು ರೇಸುಗಳನ್ನು ತೋರಿಸಿದ ಮೇಲಂತೂ ಅವರನ್ನು ಹಿಡಿಯುವವರಿಲ್ಲ. ಕಾರುಗಳು ಹೊಸದಾಗಿ ಬಂದ ಕಾಲದಲ್ಲಿ ಅಮೆರಿಕದವರು ಸಮುದ್ರದ ದಂಡೆಯಲ್ಲಿ ಪಂದ್ಯ ಕಟ್ಟುತ್ತಿದ್ದರಂತೆ. ಅಷ್ಟು ನೇರವಾದ, ನುಣ್ಣನೆಯ ರಸ್ತೆ ಆಗೆಲ್ಲಿತ್ತು? ನೀರು ಸರಿದಾಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ನೀರು ಮತ್ತೆ ಏರುವುದರೊಳಗೆ ಪಂದ್ಯ ಮುಗಿಯಬೇಕು. ಕೊಬ್ಬರಿ ಕೊಳ್ಳಲು ಬಂದವರಿಗೂ ಅತ್ತೆ ಇದನ್ನು ವಿವರಿಸಿ ಹೇಳುತ್ತಿದ್ದರು.

ತುರುವೇಕೆರೆಯಲ್ಲಿದ್ದ ಅವರ ತಮ್ಮ ಇದನ್ನು ಕೇಳಿ ನಕ್ಕುಬಿಟ್ಟರು. ಅವರು ಆಗಷ್ಟೇ ಹೊಸ ಕಾರು ಕೊಂಡಿದ್ದರು. ಆ ಬೇಸಿಗೆ ಎರಡೂ ಮನೆಯವರು ಹೊನ್ನಾವರದ ಕಡೆ ಹೋದಾಗ, ಜನವಿಲ್ಲದೊಂದು ದಂಡೆಯಲ್ಲಿ ಅಕ್ಕತಮ್ಮನ ಪಂದ್ಯ ನಡೆದೇಹೋಯಿತು.

ಜೀಪಿನಲ್ಲಿ ಅತ್ತೆಯ ಪಕ್ಕ ನಾನು, ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡು. ನಾವೇ ಮುಂದಿದ್ದೆವು. ನಮ್ಮನ್ನು ದಾಟಲು ಅವರ ತಮ್ಮ ನೀರಿನಂಚಿಗೆ ಕಾರು ಇಳಿಸಿದರು. ಅಲ್ಲಿ ಮರಳು ಸಡಿಲ. ಚಕ್ರ ಹೂತು ಕಾರು ನಿಂತಿತು. ಅಲೆ ಬಾಗಿಲಿಗೆ ಬಡಿಯತೊಡಗಿತು. ಅತ್ತೆ ಪಂದ್ಯ ಬಿಟ್ಟು ಜೀಪು ತಿರುಗಿಸಿದರು. ಕಾರಿಗೂ ಜೀಪಿಗೂ ಹಗ್ಗ ಬಿಗಿದು, ನನ್ನನ್ನು ಜೀಪಿನ ಸ್ಟೀರಿಂಗ್ ಮುಂದೆ ಕೂರಿಸಿದರು. ನಾನೋ, ತೋಟದ ದಾರಿಯಲ್ಲಷ್ಟೇ ಅವರ ಹತ್ತಿರ ಕಲಿಯುತ್ತಿದ್ದವಳು.

"ನಿನ್ ತೋಳಲ್ಲಿ ತಳ್ಳೋ ಶಕ್ತಿ ಇಲ್ಲ ಕಣವ್ವ. ನೀನು ಓಡ್ಸು, ನಾನು ತಳ್ತೀನಿ."

ಹೆದರಿಕೆಯಾಗುತ್ತದೆ ಎಂದೆ.

"ಆಗ್ಲಿ ಬುಡು. ಕ್ಲಚ್ ಮಾತ್ರ ಮೆಲ್ಲುಗ್ ಬುಡು."

ಒಮ್ಮೆ ಎಂಜಿನ್ ಆಫ್ ಆಯಿತು. ಎರಡನೆಯ ಸಲ ಜೀಪು ಗುರುಗುಟ್ಟಿ ಮುಂದೆ ಸರಿಯಿತು, ಹಿಂದೆಯೇ ಕಾರು ಬಂತು. ತಿರುಗಿ ನೋಡಿದರೆ, ತಳ್ಳುತ್ತಿದ್ದ ಅತ್ತೆ ಮುಗ್ಗರಿಸಿ ನೀರಿನಲ್ಲೇ ಕೂತು ನಗುತ್ತಿದ್ದಾರೆ. ಕೊನೆಗೆ ಗೆದ್ದವರು ಯಾರೆಂದು ತಮ್ಮ ಕೇಳಿದಾಗ, "ನನ್ ಸೊಸೆ ಕಣ್ಲಾ" ಎಂದರು.

ಹೋದ ವರ್ಷ ಅವರಿಗೆ ಎದೆನೋವು ಬಂದಾಗ ಜೀಪು ಓಡಿಸಿಕೊಂಡು ತುಮಕೂರಿನ ಆಸ್ಪತ್ರೆಗೆ ಕರೆದೊಯ್ದವಳು ನಾನೇ. ಅಲ್ಲಿಂದ ಅವರು ಮನೆಗೆ ಬರಲಿಲ್ಲ. ಹೋಗುವಾಗ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಒರಗಿದ್ದವರು, ಒಂದು ಲಾರಿಯ ಹಿಂದೆ ನಾನು ತೆವಳುತ್ತಿದ್ದಾಗ ಮಾತ್ರ ಬಾಯಿಬಿಟ್ಟರು.

"ಹಾರನ್ ಹೊಡ್ದು ಮುಂದುಕ್ ಹೋಗವ್ವ."

ಅವರು ನನಗೆ ಹೇಳಿದ ಕೊನೆಯ ಮಾತು ಅದು. ಹಾರನ್ ಹೊಡೆದು ಲಾರಿಯನ್ನು ದಾಟಿದೆ. ಅತ್ತೆ ಒಂದು ಕಣ್ಣು ತೆರೆದು, ಲಾರಿ ಹಿಂದೆ ಬಿದ್ದದ್ದನ್ನು ನೋಡಿಕೊಂಡು, ಮತ್ತೆ ಮುಚ್ಚಿಕೊಂಡರು.