ರೈಲಿನ ಬಡಾವಣೆ

ಕೂನೂರಿನಿಂದ ಉದಕಮಂಡಲಕ್ಕೆ ಹೋಗುವ ರೈಲುದಾರಿಯ ಪಕ್ಕದಲ್ಲಿ ನಮ್ಮ ಬಡಾವಣೆ. ತಗಡಿನ ಮಾಡು, ಗುಲಾಬಿ ಬೇಲಿ, ಬಿಳಿ ಬಳಿದ ಗೇಟು. ನೋಡಿದವರು ಹೊಗಳುತ್ತಿದ್ದರು. ಅವರೇನು ಅಲ್ಲಿ ಬಾಳಬೇಕಿರಲಿಲ್ಲವಲ್ಲ! ಬೆಳಗಿನ ರೈಲು ಗಂಡಸರನ್ನೆಲ್ಲ ಕೂನೂರಿನ ಆಫೀಸುಗಳಿಗೆ ಒಯ್ದುಬಿಡುತ್ತಿತ್ತು, ಸಂಜೆಯ ರೈಲು ತಂದು ಸುರಿಯುತ್ತಿತ್ತು. ನಡುವೆ ಉಳಿದವರು ಹೆಂಗಸರು, ಮಕ್ಕಳು, ಮುದುಕರು.

ಆ ಮುದುಕರಲ್ಲಿ ನಮ್ಮ ಮಾವನವರೂ ಒಬ್ಬರು. ಒಂದು ದಿನ ರೈಲು ಹೋದ ಸ್ವಲ್ಪ ಹೊತ್ತಿಗೆ ಕುಳಿತಲ್ಲೇ ತೀರಿಕೊಂಡರು. ಕತ್ತಲಾಗುವ ಮುಂಚೆ ಸಂಸ್ಕಾರ ಆಗಬೇಕು, ಹೆಗಲು ಕೊಡಲು ಒಬ್ಬ ಗಂಡಸಿಲ್ಲ. ಅತ್ತೆಯೂ ನಾನೂ ಗೋಳೋ ಎಂದು ಅತ್ತೆವು.

ನಮ್ಮ ಅಳು ಗುಡ್ಡದ ಮೇಲೆ ಬೇಸಾಯ ಮಾಡುವ ಬಡಗರ ಹಟ್ಟಿಗೆ ಕೇಳಿಸಿರಬೇಕು. ಆಲೂಗಡ್ಡೆ ಹೊಲ ಬಿಟ್ಟು ಹತ್ತಾರು ಗಂಡಸರು ಇಳಿದು ಬಂದರು. ಸಾವೆಂದರೆ ಕರೆಯದೆಯೂ ಬರುವುದು ಅವರ ರೂಢಿ. ಹಿರಿಯರೊಬ್ಬರು ಅತ್ತೆಗೆ ಹೇಳಿದರು: "ಅವ್ವೆ, ಎಂಗ ಎಲ್ಲಾ ಇದ್ದೇವಲ್ಲ. ಹೊತ್ತು ಮುಳುಗೋ ಮುಂಚೆ ಹೊತ್ತುಕೊಂಡು ಹೋಗ್ತೇವು."

"ಬ್ಯಾಡ, ನಮ್ಮೋರೇ ಮುಟ್ಬೇಕು. ಸಾಯಂಕಾಲ ಬರ್ತಾರೆ," ಅಂದರು ಅತ್ತೆ.

ಅವರು ಬೇಲಿಯ ಆಚೆಯಿಂದಲೇ ಕೈಮುಗಿದು ಹೊರಟುಹೋದರು.

ಸಂಜೆ 'ನಮ್ಮವರು' ಬಂದರು. ಕತ್ತಲಾಗಿತ್ತು, ಬೆಳಗ್ಗೆ ಬರಬೇಕೆಂದು ನನ್ನ ಗಂಡ ಮನೆಮನೆಗೆ ಹೋಗಿ ಬೇಡಿಕೊಂಡರು. ಒಬ್ಬರಿಗೆ ಸೊಂಟನೋವು, ಒಬ್ಬರಿಗೆ ಆಫೀಸಿನ ದೊರೆ ರಜ ಕೊಡುವುದಿಲ್ಲ, ಇನ್ನೊಬ್ಬರ ಹೆಂಡತಿ ಬಸುರಿ. ಬೆಳಗ್ಗೆ ನಮ್ಮ ಗೇಟಿನ ಮುಂದೆ ಟೋಪಿ ತೆಗೆದು, ತಲೆತಗ್ಗಿಸಿ, ರೈಲಿಗೆ ತಡವಾಗದಂತೆ ಬಿರಬಿರನೆ ನಡೆದರು.

ಗಂಡ ಹಟ್ಟಿಗೆ ಹತ್ತಿದರು. ಹಿಂದಿನ ದಿನದ ಮಾತನ್ನು ಯಾರೂ ಎತ್ತಿ ಆಡಲಿಲ್ಲ. ಅದೇ ಹಿರಿಯರು ಮುಂದಿನ ಹೆಗಲು ಕೊಟ್ಟರು.

ವೈಕುಂಠ ಸಮಾರಾಧನೆ ಭಾನುವಾರ ಬಿತ್ತು. ರೈಲಿನ ಚಿಂತೆಯಿಲ್ಲ, ಬಡಾವಣೆಯ ಗಂಡಸರೆಲ್ಲ ಮಡಿಯುಟ್ಟು ಬಂದರು. ಹಟ್ಟಿಯವರನ್ನು ಕರೆಯುವುದು ಬೇಡವೆಂದು ಅತ್ತೆ ಮೊದಲೇ ಹೇಳಿದ್ದರು. ಮೈಸೂರಿನಿಂದ ಬಂದಿದ್ದ ನಾದಿನಿ ಕೇಳಿದಳು: "ಪರಸ್ಥಳದಲ್ಲಿ ಅಪ್ಪಯ್ಯಂಗೆ ಹೆಗಲು ಕೊಟ್ಟೋರು ಯಾರಮ್ಮ?"

ಅತ್ತೆ ಪಂಕ್ತಿಯ ಕಡೆ ಕೈ ತೋರಿಸಿದರು. "ಇವರೇ ಕಣೆ. ಒಡಹುಟ್ಟಿದವರ ಹಾಗೆ ನಿಂತ್ರು."

ನಾದಿನಿ ಕಣ್ಣೊರೆಸಿಕೊಂಡು ಅವರಿಗೆಲ್ಲ ಕೈಮುಗಿದಳು. ಒಬ್ಬನೂ ಅಲ್ಲವೆನ್ನಲಿಲ್ಲ. ಸೊಂಟನೋವಿನವರು ನನ್ನ ಕಡೆ ತಿರುಗಿ, ಇನ್ನೊಂದು ಸೌಟು ಪಾಯಸ ಬಡಿಸಮ್ಮ ಅಂದರು.