ಸ್ಥಾಪಕರ ನಾಲ್ಕನೆಯ ಕಂಪನಿ

ಕಂಪನಿ ಹುಟ್ಟಿಸುವುದು ಒಂದು ಕಸುಬು, ನಡೆಸುವುದು ಇನ್ನೊಂದು. ನಮ್ಮ ಸ್ಥಾಪಕರಿಗೆ ಮೊದಲನೆಯದು ನೀರು ಕುಡಿದಷ್ಟು ಸಲೀಸು. ಎರಡನೆಯದರ ತಂಟೆಗೇ ಅವರು ಹೋದವರಲ್ಲ. ಅವರಿಗೆ 'ಸ್ಥಾಪಕರು' ಎಂದು ಹೆಸರಿಟ್ಟವಳು ನಾದಿನಿ, ಅಂದರೆ ಹೆಂಡತಿಯ ತಂಗಿ. ಇಟ್ಟದ್ದು ಗೇಲಿಗೆ. ಅವರು ಅದನ್ನು ಬಿರುದೆಂದುಕೊಂಡು ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡರು.

ಹೆಂಡತಿಯ ಕಣ್ಣಿಗೆ ಮೊದಲು ಬಿದ್ದಾಗ ಅವರು ಬರೀ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ಬೂದು ಬಣ್ಣದ ತಡಿಕೆಗಳ ನಡುವೆ ಕುಳಿತು ಪ್ರೋಗ್ರಾಂ ಬರೆಯುತ್ತಿದ್ದರು. ಪಕ್ಕದ ಸಾಲಿನಲ್ಲಿದ್ದ ಆಕೆ ಟೆಸ್ಟರ್. ಅವರು ಬರೆದದ್ದರಲ್ಲಿ ತಪ್ಪು ಹುಡುಕುವುದು ಆಕೆಯ ಕೆಲಸ. ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮು ಬೇಕೇ ಎಂದು ಗೆಳತಿಯರು ಮದುವೆಯಲ್ಲಿ ನಕ್ಕಿದ್ದರು. ನಿಜ ಹೇಳಬೇಕೆಂದರೆ ಆಗ ಅವರ ಕೆಲಸ ಚೆನ್ನಾಗಿಯೇ ಇತ್ತು. ತಪ್ಪು ತೋರಿಸಿದರೆ ಗೊಣಗದೆ ತಿದ್ದುತ್ತಿದ್ದರು. ಎಲ್ಲ ಹಾಳಾದದ್ದು, ಯಾರೋ ಅವರನ್ನು ಒಂದು ಗೋಷ್ಠಿಗೆ ಕರೆದೊಯ್ದ ಮೇಲೆ. ಅಲ್ಲಿ ಕಿವಿಗೆ ಮೈಕು ಸಿಕ್ಕಿಸಿಕೊಂಡ ಒಬ್ಬ ವೇದಿಕೆಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಾ ಮಾತಾಡಿದ, ಜನ ಚಪ್ಪಾಳೆ ತಟ್ಟಿದರು. ಕುಳಿತು ಮಾಡುವ ಕೆಲಸ ಅವರಿಗೆ ಅವತ್ತಿನಿಂದಲೇ ಸಪ್ಪೆಯಾಯಿತು.

ಮೊದಲ ಕಂಪನಿ, ಯಾವ ಕ್ಷೌರದಂಗಡಿಯಲ್ಲಿ ಎಷ್ಟು ಜನ ಕಾಯುತ್ತಿದ್ದಾರೆಂದು ಫೋನಿನಲ್ಲಿ ತೋರಿಸುವುದು. ಕೈಯಲ್ಲಿ ಕತ್ತರಿ ಹಿಡಿದವರು ಗಳಿಗೆಗೊಮ್ಮೆ ಫೋನು ಒತ್ತಿ ಲೆಕ್ಕ ಒಪ್ಪಿಸಲಿ ಎಂಬುದು ಇವರ ನಿರೀಕ್ಷೆ. ಯಾರೂ ಒತ್ತಲಿಲ್ಲ. ಎರಡನೆಯದು, ನೀರು ಬೇಕಾದಾಗ 'ನನಗೆ ಬಾಯಾರಿಕೆ' ಎಂದು ಕೂಗುವ ಹೂಕುಂಡ. ಗಿಡ ಒಣಗಿ ಕಸಕ್ಕೆ ಹೋದ ಮೇಲೂ ಅದು ಕೂಗುತ್ತಲೇ ಇತ್ತು. ಮೂರನೆಯದು, ಕಂಪನಿ ಹುಟ್ಟಿಸುವುದು ಹೇಗೆಂದು ಬೇರೆಯವರಿಗೆ ಹೇಳಿಕೊಡುವ ಕಂಪನಿ. ಇದ್ದುದರಲ್ಲಿ ನಾಲ್ಕು ದಿನ ಉಸಿರಾಡಿದ್ದು ಅದೊಂದೇ.

ಬೇರೆಯವರಾಗಿದ್ದರೆ ಇಷ್ಟು ಹೊತ್ತಿಗೆ ನೆಲ ಕಚ್ಚಿರುತ್ತಿದ್ದರು. ಇವರಿಗೆ ಸೋಲೇ ಬಂಡವಾಳವಾಯಿತು. ಒಂದೊಂದು ಕಂಪನಿ ಮುಚ್ಚಿದಾಗಲೂ 'ನಾನು ಕಲಿತ ಪಾಠ' ಎಂದು ಒಂದು ಭಾಷಣ ಸಿದ್ಧ. ಕಂಪನಿ ಬೇಗ ಮುಚ್ಚಿದಷ್ಟೂ ಪಾಠ ದೊಡ್ಡದು, ಸಭಾಂಗಣವೂ ದೊಡ್ಡದು. ಮನೆ ನಡೆಯುತ್ತಿದ್ದದ್ದು ಮಾತ್ರ ಹೆಂಡತಿಯ ಸಂಬಳದಲ್ಲಿ. ಅವರ ಕಂಪನಿಗಳಿಗೂ ಆಕೆಯೇ ಬಿಟ್ಟಿ ಟೆಸ್ಟರ್.

ಆಕೆ ಸುಮ್ಮನೆ ಸಹಿಸುತ್ತಿದ್ದಳು ಎಂದುಕೊಳ್ಳಬೇಡಿ. ಆಕೆಗೂ ಒಂದು ಸುಖವಿತ್ತು. ಭಾನುವಾರ ತಂಗಿಗೆ ಫೋನು ಮಾಡಿ ಆ ವಾರದ ಪ್ರಹಸನವನ್ನೆಲ್ಲ ಬಣ್ಣ ಕಟ್ಟಿ ಹೇಳುವುದು, ಅಕ್ಕತಂಗಿಯರಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುವುದು. ತಂಗಿ ನರ್ಸು. ಕೈ ಎತ್ತುತ್ತಿದ್ದ ಗಂಡನನ್ನು ಬಿಟ್ಟು ಬಂದು, ದುಡಿಯುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದಳು. ಆ ಮಹಾಶಯ ಆಗಾಗ ಬಂದು ಗೇಟಿನಲ್ಲಿ ಕೂಗಾಡುತ್ತಿದ್ದ. ಗೇಟಿನಲ್ಲಿ ಕೂರುತ್ತಿದ್ದ ಹೆಂಗಸು ಕೋಲು ಕುಟ್ಟಿ ಅವನನ್ನು ಓಡಿಸುತ್ತಿದ್ದಳು. ತಂಗಿಯ ನಗು ನಿಂತಿದ್ದದ್ದು ಆ ಗೇಟಿನ ಭರವಸೆಯ ಮೇಲೆ.

ನಾಲ್ಕನೆಯ ಕಂಪನಿಯ ಸರಕು, ಮುಖ ನೋಡಿ ತೆರೆಯುವ ಬೀಗ. ಬಾಗಿಲಲ್ಲಿ ಒಂದು ಕಣ್ಣು. ಗುರುತಿನ ಮುಖ ಕಂಡರೆ 'ಸ್ವಾಗತ' ಎಂದು ಇಂಪಾಗಿ ನುಡಿದು ತೆರೆದುಕೊಳ್ಳುತ್ತದೆ. ಸ್ಥಾಪಕರು ಮೊದಲ ಬೀಗವನ್ನು ಮನೆಗೇ ಹಾಕಿಸಿದರು. ಒಂದು ದಿನ ಹೆಂಡತಿ ಸಂತೆ ಚೀಲವನ್ನು ಎದೆಗವಚಿಕೊಂಡು ಬಂದಳು. ಮೇಲಿದ್ದ ಎಲೆಕೋಸು ಆಕೆಯ ಮುಖವನ್ನು ಪೂರ್ತಿ ಮುಚ್ಚಿತ್ತು. ಬಾಗಿಲು ಸ್ವಲ್ಪ ಹೊತ್ತು ಯೋಚಿಸಿ 'ಸ್ವಾಗತ' ಎಂದಿತು. ಟೆಸ್ಟರಿನ ಮೂಗು ಸುಮ್ಮನಿರುತ್ತದೆಯೇ? ಆಕೆ ಬಾಗಿಲು ಹಾಕಿ, ಎಲೆಕೋಸನ್ನೊಂದೇ ಕಣ್ಣಿನೆದುರು ಹಿಡಿದಳು. ಎರಡು ಸಲ ಬೀಗ ಸುಮ್ಮನಿತ್ತು. ಮೂರನೆಯ ಸಲ ಎಲೆಕೋಸಿಗೂ ಸ್ವಾಗತ ಸಿಕ್ಕಿತು.

"ರೀ, ನಿಮ್ಮ ಬೀಗ ತರಕಾರೀನೂ ಒಳಗೆ ಬಿಟ್ಕೊಳ್ಳುತ್ತೆ," ಎಂದಳು.

ಸ್ಥಾಪಕರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಓ, ಅದಾ? ಅದು ಡೆಮೋ ದಿನ ಹಾಕಿದ್ದು. ದುಡ್ಡು ಹಾಕೋಕೆ ಬಂದೋರು ಹೊಸದಾಗಿ ಗಡ್ಡ ಬಿಟ್ಟಿದ್ರು, ಬೀಗಕ್ಕೆ ಗುರುತೇ ಹತ್ತಲಿಲ್ಲ. ಅವರನ್ನ ಬಾಗಿಲಲ್ಲೇ ನಿಲ್ಲಿಸೋಕಾಗುತ್ತಾ? ಮೂರನೇ ಸಲಕ್ಕೆ ಯಾರಾದ್ರೂ ಸರಿ, ತೆರೀಲಿ ಅಂತ ಒಂದು ಸಾಲು ಸೇರಿಸಿದೆ. ಆಮೇಲೆ ತೆಗೆದ್ರಾಯ್ತು."

ಈ 'ಆಮೇಲೆ' ಎಂಬುದು ಸಾಫ್ಟ್‌ವೇರಿನವರ ಕುಲದೇವರು. ಡೆಮೋಗೆಂದು ಅವಸರದಲ್ಲಿ ಹಾಕಿದ ತೇಪೆಯೆಲ್ಲ ಅದರ ಪಾದಕ್ಕೇ ಅರ್ಪಣೆ.

"ಅದನ್ನ ತೆಗೆಯೋವರೆಗೂ ನಾನು ಹಸಿರು ಒತ್ತಲ್ಲ," ಎಂದಳು ಆಕೆ. ಅವರ ಕೆಲಸದ ರೀತಿ ಹಾಗೆ. ಟೆಸ್ಟರು ತನ್ನ ಪರದೆಯ ಮೇಲಿನ ಹಸಿರು ಗುಂಡಿ ಒತ್ತದೆ ಯಾವ ಪ್ರೋಗ್ರಾಮೂ ಹೊರಗೆ ಹೋಗುವಂತಿಲ್ಲ. ತಪ್ಪನ್ನು ತಾನೇ ತಿದ್ದುವ ಅಧಿಕಾರವೂ ಟೆಸ್ಟರಿಗಿಲ್ಲ; ಹಿಡಿದು ತೋರಿಸಬಹುದು, ಅಷ್ಟೆ.

ಅದೇ ಹೊತ್ತಿಗೆ ಸ್ಥಾಪಕರಿಗೆ ಒಂದು ಒಳ್ಳೆಯ ಫೋಟೋ ಬೇಕಾಗಿತ್ತು. 'ಮಹಿಳೆಯರ ಸುರಕ್ಷತೆ' ಎಂದು ಕೆಳಗೆ ಬರೆದರೆ ದುಡ್ಡು ಹಾಕುವವರ ಕಣ್ಣು ಒದ್ದೆಯಾಗುತ್ತದೆಂದು ಯಾರೋ ಹೇಳಿದ್ದರು. ನಾದಿನಿಯ ಹಾಸ್ಟೆಲಿಗೆ ಪುಕ್ಕಟೆ ಬೀಗ ಕೊಡುವುದಾಗಿ ವಾರ್ಡನ್ನಿಗೆ ಮಾತು ಕೊಟ್ಟರು. ಆಮೇಲೊಂದು ದಿನ ಹೆಂಡತಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ ಆಕೆಯ ಕುರ್ಚಿಯಲ್ಲಿ ಕುಳಿತು ತಾವೇ ಹಸಿರು ಒತ್ತಿದರು.

ಮರುದಿನ ಆಕೆ ಪರದೆ ನೋಡಿ ಕೆಂಡವಾದಳು. "ನಾನು ಒತ್ತಿಲ್ಲ ಇದನ್ನ!"

"ನಿನ್ನ ಪರವಾಗಿ ನಾನೊತ್ತಿದೆ. ಗಂಡ ಹೆಂಡತಿ ಅಂದ್ಮೇಲೆ ಅಷ್ಟೂ ಸಲುಗೆ ಬೇಡ್ವಾ?"

"ಅಲ್ಲಿರೋದು ನನ್ನ ತಂಗಿ ಕಣ್ರೀ."

"ಬರೋ ವಾರ ಆ ಸಾಲು ತೆಗೆದುಬಿಡ್ತೀನಿ, ಆಯ್ತಾ? ಮೂರು ಸಲ ಮುಖ ತೋರಿಸ್ಕೊಂಡು ನಿಲ್ಲೋಷ್ಟು ತಾಳ್ಮೆ ಯಾವ ಕಳ್ಳನಿಗಿದೆ ಹೇಳು!"

ಆ ಭಾನುವಾರ ತಂಗಿಯೇ ಫೋನು ಮಾಡಿದಳು. "ಅಕ್ಕ, ಭಾವನ ಬೀಗ ಹಾಕಿದ್ರು. ಯಂತ್ರಾನ ಹೇಗೆ ನಂಬೋದು ಅಂತ ಎಲ್ರೂ ಹೆದರ್ಕೊಂಡಿದ್ರು. ನಮ್ಮಕ್ಕ ನೋಡದೆ ಏನೂ ಹೊರಗೆ ಬರಲ್ಲ ಅಂತ ನಾನೇ ಧೈರ್ಯ ಹೇಳಿದೆ." ಎಲೆಕೋಸಿನ ಕತೆ ಅಕ್ಕನ ನಾಲಿಗೆ ತುದಿಯವರೆಗೂ ಬಂದಿತ್ತು. ಒಂದು ವಾರದ ಮಾತಲ್ಲವೇ, ಯಾಕೆ ಸುಮ್ಮನೆ ಗಾಬರಿಪಡಿಸಲಿ ಎಂದುಕೊಂಡಳು. ಗಂಡನನ್ನು ಗೇಲಿ ಮಾಡಲು ಎಂದೂ ಹಿಂಜರಿಯದ ಬಾಯಿ, ಮಾತಾಡಲೇಬೇಕಾದ ದಿನ ಅವರ ಮರ್ಯಾದೆ ಕಾಯಿತು. ಗಂಡನ ಹೊಸ ಟೀ ಶರ್ಟಿನ ಮೇಲೆ ಒಂದು ಜೋಕು ಹೊಡೆದು ಫೋನಿಟ್ಟಳು.

ಬರುವ ವಾರ ಬಂತು, ಹೋಯಿತು. ಸ್ಥಾಪಕರಿಗೆ ಎಲ್ಲೋ ಒಂದು ಭಾಷಣವಿತ್ತು. ಬೀಗ ಇರುವಾಗ ಇನ್ನೊಂದು ಸಂಬಳ ಯಾಕೆಂದು ವಾರ್ಡನ್ ಗೇಟಿನ ಹೆಂಗಸನ್ನು ಕೆಲಸದಿಂದ ಬಿಡಿಸಿದಳು.

ಕಳ್ಳನಿಗೆ ತಾಳ್ಮೆ ಇಲ್ಲದಿರಬಹುದು. ತಂಗಿ ಬಿಟ್ಟು ಬಂದ ಗಂಡನಿಗೆ ಬೇಕಾದಷ್ಟಿತ್ತು. ಒಂದು ಮಧ್ಯಾಹ್ನ ಬಂದು ಖಾಲಿ ಗೇಟು ದಾಟಿ, ಬಾಗಿಲಿಗೆ ಮುಖ ಕೊಟ್ಟು ನಿಂತ. ಮೂರನೆಯ ಸಲಕ್ಕೆ ಬಾಗಿಲು ಅವನನ್ನು ಸ್ವಾಗತಿಸಿತು. ಪಾಳಿ ಮುಗಿಸಿ ಮಲಗಿದ್ದ ತಂಗಿ ಕಣ್ಣು ಬಿಟ್ಟಾಗ ಅವನು ಮಂಚದ ಪಕ್ಕದಲ್ಲಿದ್ದ. ಕೂಗು ಕೇಳಿ ಅಡುಗೆಮನೆಯವರೂ ಪಕ್ಕದ ಕೋಣೆಯವರೂ ಓಡಿ ಬಂದು ಅವನನ್ನು ಎಳೆದುಹಾಕುವಷ್ಟರಲ್ಲಿ ಅವಳ ಬಲಗೈ ಮುರಿದಿತ್ತು.

ಅಕ್ಕ ಆಸ್ಪತ್ರೆಗೆ ಓಡಿದಳು. ಅದು ತಂಗಿ ಕೆಲಸ ಮಾಡುತ್ತಿದ್ದ ವಾರ್ಡೇ. ಅವಳು ದಿನಾ ಹಾಸಿಗೆ ಸರಿಪಡಿಸುತ್ತಿದ್ದ ಕಡೆಯೇ ಅವಳನ್ನು ಮಲಗಿಸಿದ್ದರು. ಕೈಗೆ ಪ್ಲಾಸ್ಟರು, ಕೆನ್ನೆಯ ಮೇಲೆ ಬಾವು.

"ಅಕ್ಕ, ಆ ಬೀಗ ಹಾಗೆ ಅಂತ ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಆಕೆ ಹೇಳಲಿಲ್ಲ. "ಗೊತ್ತಿತ್ತು. ತೆಗೀರಿ ಅಂತ ನಿಮ್ಮ ಭಾವನಿಗೆ ಹೇಳಿದ್ದೆ."

"ಭಾವನಿಗೆ ಹೇಳಿದೆ," ಎಂದಳು ತಂಗಿ. "ಅಲ್ಲಿ ಮಲಗ್ತಿದ್ದೋಳು ನಾನು."

ಅಕ್ಕ ನಾಚಿಕೆಯಿಂದ ಕುಗ್ಗಿಹೋದಳು. ಅಲ್ಲಿಂದ ನೇರ ಹಾಸ್ಟೆಲಿಗೆ ಹೋಗಿ ಸ್ಕ್ರೂಡ್ರೈವರ್ ಕೇಳಿ ಪಡೆದು ಬೀಗವನ್ನು ತನ್ನ ಕೈಯಾರೆ ಕಿತ್ತಳು. ಬೀಗ ಕೊಂಡ ಬೇರೆಯವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ ವಿಷಯ ತಿಳಿಸಿದಳು. ವಾರದೊಳಗೆ ನಾಲ್ಕನೆಯ ಕಂಪನಿಯೂ ಮುಗಿಯಿತು. ಸ್ಥಾಪಕರು ಮೂರು ದಿನ ಗಡ್ಡ ಬಿಟ್ಟುಕೊಂಡು ಸೋಫಾದ ಮೇಲೆ ಬಿದ್ದಿದ್ದರು. ನಾಲ್ಕನೆಯ ದಿನ ಎದ್ದು, ಗಡ್ಡ ಬೋಳಿಸಿ ಭಾಷಣ ಬರೆಯಲು ಕುಳಿತರು.

ಭಾಷಣದ ಹೆಸರು 'ಬಾಗಿಲು ಕಲಿಸಿದ ಪಾಠ'. ಅದರಲ್ಲಿ ನಾದಿನಿ ಬರುತ್ತಾಳೆ, ಅವಳ ಮುರಿದ ಕೈ ಬರುತ್ತದೆ, ಅವಳು ಯಾವ ಆಸ್ಪತ್ರೆಯ ನರ್ಸು ಎಂಬುದೂ ಬರುತ್ತದೆ. ಆ ಜಾಗ ಬಂದಾಗ ಸ್ಥಾಪಕರು ಮಾತು ನಿಲ್ಲಿಸಿ ಒಂದು ಗುಟುಕು ನೀರು ಕುಡಿಯುತ್ತಾರೆ, ಸಭೆಯೆಲ್ಲ ಮೂಗು ಒರೆಸಿಕೊಳ್ಳುತ್ತದೆ. ಎದ್ದು ನಿಂತು ಚಪ್ಪಾಳೆ ತಟ್ಟುವವರೂ ಇದ್ದಾರಂತೆ.

ಕೈ ಕೂಡಿದ ಮೇಲೆ ತಂಗಿ ಕೆಲಸ ಬಿಟ್ಟು ಬೇರೆ ಊರು ಸೇರಿದಳು. ಭಾನುವಾರದ ಫೋನು ಈಗಲೂ ಉಂಟು, ಆದರೆ ಮಾಡುವವಳು ತಂಗಿ. ಊಟ, ನಿದ್ದೆ, ಹವೆ, ಇಷ್ಟೇ ಮಾತು. ಅಕ್ಕ ಒಮ್ಮೆ ತಡೆಯಲಾರದೆ ಕೇಳಿದಳು, "ಎಲ್ಲಿದೀಯಾ ಅಂತ ನನಗಾದ್ರೂ ಹೇಳೇ."

ತಂಗಿ ಕೋಪಿಸಿಕೊಳ್ಳಲಿಲ್ಲ. "ಬೇಡ ಅಕ್ಕ," ಎಂದಳು. "ನಿಂಗೆ ಹೇಳಿದ್ರೆ ಭಾವನಿಗೆ ಗೊತ್ತಾಗುತ್ತೆ. ಭಾವನಿಗೆ ಗೊತ್ತಾದ್ರೆ ಭಾಷಣಕ್ಕೆ ಬರುತ್ತೆ. ಅಲ್ಲಿ ಮುಂದಿನ ಸಾಲಲ್ಲಿ ಯಾರು ಕೂತಿರ್ತಾರೋ, ಯಾರಿಗೆ ಗೊತ್ತು?"