ಮೀಸೆಯಣ್ಣನ ಮನೆ ಮೂಟೆ

ಬೆಳಗಿನ ಐದೂವರೆ. ಈರುಳ್ಳಿ ಮಂಡಿಯ ಮುಂದೆ ನಿಂತ ಲಾರಿಯ ಹಿಂಬಾಗಿಲು ಧಡಾರನೆ ಕೆಳಗೆ ಬೀಳುತ್ತದೆ. ಮೇಲಿರುವ ಇಬ್ಬರು ಮೂಟೆಯ ಕಿವಿ ಹಿಡಿದು ಅಂಚಿಗೆ ಎಳೆಯುತ್ತಾರೆ. ಕೆಳಗೆ ಬೆನ್ನು ಕೊಟ್ಟು ನಿಂತ ಮನುಷ್ಯ ತಲೆಯ ಮೇಲಿನ ಗೋಣಿಯನ್ನು ಸರಿಪಡಿಸಿಕೊಂಡು, ಮೀಸೆಯ ಎರಡೂ ತುದಿ ತಿರುವಿ, "ಹ್ಞೂಂ, ಬಿಡಿ" ಅನ್ನುತ್ತಾರೆ. ಐವತ್ತು ಕಿಲೋ ಬೆನ್ನಿಗೆ ಬಂದು ಕೂರುತ್ತದೆ. ಮೊಣಕಾಲು ಒಂದಿಷ್ಟು ಬಗ್ಗಿ, ಆಮೇಲೆ ನೆಟ್ಟಗಾಗುತ್ತದೆ. ಇಪ್ಪತ್ತೆರಡು ಹೆಜ್ಜೆ ಒಳಗೆ, ಐದು ಮೆಟ್ಟಿಲು ಮೇಲೆ, ಮೂಟೆಯನ್ನು ಅಟ್ಟಿಯ ಮೇಲೆ ಇಳಿಸಿ ಮತ್ತೆ ಲಾರಿಯ ಕಡೆಗೆ.

ದಿನಕ್ಕೆ ಹೀಗೆ ನೂರಾ ಹತ್ತು ಸಲ. "ನಾನಂತೂ ಎಣಿಸಲ್ಲ. ಎಣಿಸಿದ್ರೆ ಭಾರ ಜಾಸ್ತಿ ಆಗುತ್ತೆ. ಅದಕ್ಕೆ ಮೇಸ್ತ್ರಿ ಇದ್ದಾರಲ್ಲ" ಅನ್ನುತ್ತಾರೆ.

ಮಂಡಿಯಲ್ಲಿ ಎಲ್ಲರಿಗೂ ಇವರು ಮೀಸೆಯಣ್ಣ. ವಯಸ್ಸು ನಲವತ್ತಾರು, ಹಮಾಲಿ ಕೆಲಸಕ್ಕೆ ಬಂದು ಇಪ್ಪತ್ತಮೂರು ವರ್ಷ. ನಿಜ ಹೇಳಬೇಕೆಂದರೆ ನಾನು ಪತ್ರಿಕೆಗೆ ಬರೆಯಲು ಇಲ್ಲಿಗೆ ಬಂದದ್ದೂ ಆ ಮೀಸೆಗೆ ಮರುಳಾಗಿಯೇ. 'ಗಂಡೆದೆಯ ಹಮಾಲಿ' ಎಂಬ ತಲೆಬರಹವನ್ನು ಮನಸ್ಸಿನಲ್ಲೇ ಸಿದ್ಧ ಮಾಡಿಟ್ಟುಕೊಂಡಿದ್ದೆ. ಮೊದಲ ದಿನವೇ ಕೇಳಿದ್ದು, "ಮದುವೆ ಯಾಕೆ ಆಗಲಿಲ್ಲ? ಅಡುಗೆ ಯಾರು ಮಾಡ್ತಾರೆ?" ಅವರು ನಕ್ಕು ಗೋಣಿ ಕೊಡವಿದರು. ಆ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಕೇಳಿದೆನಲ್ಲ ಎಂದು ಈಗ ನನಗೇ ನಾಚಿಕೆಯಾಗುತ್ತದೆ.

ಇವರ ಅಪ್ಪನೂ ಇದೇ ಕೆಲಸದವರು. "ಮೀಸೆ ಚಿಗುರಿದಾಗ ಅಪ್ಪ ಒಂದೇ ಮಾತು ಹೇಳಿದ್ದು, ಇದನ್ನ ಚೆನ್ನಾಗಿ ಬೆಳೆಸು, ಯಾರೂ ನಿನ್ನ ತಂಟೆಗೆ ಬರಲ್ಲ ಅಂತ. ನಿಜವಾಗ್ಲೂ ಬರಲಿಲ್ಲ. ನನ್ನ ಬಗ್ಗೆ ಒಬ್ಬರೂ ಏನೂ ಕೇಳಲಿಲ್ಲ. ಮೀಸೆ ನೋಡಿದ್ರು, ಅಲ್ಲಿಗೆ ಮುಗೀತು."

ಇವರ ಗುಂಪಿನಲ್ಲಿ ಹನ್ನೊಂದು ಮಂದಿ. ಎಲ್ಲೂ ಬರೆದಿಡದ ಒಂದು ಕಟ್ಟಳೆ ಇವರಲ್ಲಿದೆ. ಯಾರದಾದರೂ ಮನೆಯಲ್ಲಿ ಕಾಯಿಲೆಯೋ ಹೆರಿಗೆಯೋ ಬಂದರೆ ಅವನು ರಜೆ ಹಾಕುತ್ತಾನೆ, ಅವನ ಪಾಲಿನ ಮೂಟೆಗಳನ್ನು ಉಳಿದವರು ಹಂಚಿಕೊಂಡು ಹೊರುತ್ತಾರೆ. ಬೆಳಿಗ್ಗೆ ಲಾರಿ ಬಿಚ್ಚುವ ಮೊದಲು ಮೇಸ್ತ್ರಿ ಎಲ್ಲರಿಗೂ ಕೇಳುವಂತೆ ಕೂಗಬೇಕು, "ಇವತ್ತು ಇಂಥವನ ಮನೆ ಮೂಟೆ" ಎಂದು. ಕೂಗಿದ ಮೇಲೆ ಯಾರೂ ತಕರಾರು ಎತ್ತುವಂತಿಲ್ಲ. ಒಬ್ಬನ ಹೆಂಡತಿ ಮುನಿಸಿಕೊಂಡು ತವರಿಗೆ ಹೋದಾಗ, ಕರೆತರಲು ಹೋದ ಎರಡು ದಿನವೂ ಮನೆ ಮೂಟೆಯ ಲೆಕ್ಕಕ್ಕೇ ಬಂದಿತ್ತಂತೆ.

ಇಪ್ಪತ್ತಮೂರು ವರ್ಷದಲ್ಲಿ ಮೀಸೆಯಣ್ಣ ಒಮ್ಮೆಯೂ ಮನೆ ಮೂಟೆ ಕೇಳಿರಲಿಲ್ಲ. ಹೊತ್ತದ್ದು ಮಾತ್ರ ಎಲ್ಲರಿಗಿಂತ ಜಾಸ್ತಿ. "ನಿನಗೇನಪ್ಪ, ಒಂಟಿ ಜೀವ, ಹಿಂದಿಲ್ಲ ಮುಂದಿಲ್ಲ" ಅನ್ನುತ್ತಲೇ ಇವರ ಬೆನ್ನಿಗೆ ಎರಡು ಮೂಟೆ ಹೆಚ್ಚು ಹೇರುವುದು ವಾಡಿಕೆ. ಕುಳ್ಳ ಎಂದು ಕರೆಸಿಕೊಳ್ಳುವ ಜೊತೆಗಾರನ ಹೆಂಡತಿಯ ಹೆರಿಗೆ ಕಷ್ಟವಾದಾಗ ಒಂಬತ್ತು ದಿನ ಅವನ ಪಾಲನ್ನು ಇವರೊಬ್ಬರೇ ಹೊತ್ತರು.

ಆದರೆ ಒಂಟಿ ಜೀವ ಅನ್ನುವುದೇ ಸುಳ್ಳು. ಹದಿನಾರು ವರ್ಷದಿಂದ ಇವರು ರೋಡ್ ರೋಲರ್ ಓಡಿಸುವ ಒಬ್ಬರ ಜೊತೆ ಬಾಳುತ್ತಿದ್ದಾರೆ. ಕಬ್ಬಿಣದ ಮೆಟ್ಟಿಲು ಹತ್ತಿದರೆ ಎರಡು ಕೋಣೆ. ಒಂದೇ ಮೊಳೆಗೆ ನೇತುಹಾಕಿದ ಎರಡು ಊಟದ ಡಬ್ಬಿ, ಬೆನ್ನು ನೋವಿಗೆಂದು ಹಾಸಿಗೆಯ ಕೆಳಗೆ ಹಾಕಿದ ಹಲಗೆ, ಕಿಟಕಿಯಲ್ಲಿ ಎಣ್ಣೆಯ ಬಾಟಲಿ. ರೋಲರ್ ಡ್ರೈವರ್ ಇವರಿಗಿಂತ ಗೇಣುದ್ದ ಎತ್ತರ, ದನಿಯೂ ದೊಡ್ಡದು. "ಇವನು ಮಂಡೀಲಿ ನೂರು ಮೂಟೆ ಹೊರ್ತಾನಂತೆ. ಮನೆಗೆ ಬಂದ್ರೆ ತರಕಾರಿ ಚೀಲ ನಾನೇ ಹೊರಬೇಕು" ಎಂದು ನನ್ನ ಮುಂದೆಯೇ ದೂರು ಹೇಳಿದರು. ಮನೆ ಮಾಲೀಕರು ಇಷ್ಟು ವರ್ಷ ಅಂದುಕೊಂಡದ್ದು, ಪಾಪ, ಖರ್ಚು ಉಳಿಸಲು ಒಟ್ಟಿಗಿದ್ದಾರೆ ಎಂದು. ಇಬ್ಬರು ಗಟ್ಟಿಮುಟ್ಟು ಗಂಡಸರನ್ನು ನೋಡಿ ಬೇರೇನಾದರೂ ಅಂದುಕೊಳ್ಳಲು ಯಾರಿಗೂ ತೋಚಲೇ ಇಲ್ಲ.

ಮಂಡಿಯವರಿಗೆ ಅನುಮಾನವಿದ್ದದ್ದು ಟೀ ಅಂಗಡಿಯವನ ಮೇಲೆ. ಅವನದು ಮೆದು ಮಾತು, ಬಳುಕುವ ನಡಿಗೆ. ಲೋಟ ಕೊಡುವಾಗ ಕಿರುಬೆರಳು ತಾನಾಗಿ ಮೇಲೇಳುತ್ತದೆ. "ಅಕ್ಕಾ, ನಾಲ್ಕು ಟೀ" ಎಂದು ಕೂಗಿ ಎಲ್ಲರೂ ಕಿಸಕ್ಕನೆ ನಗುತ್ತಾರೆ. "ಅವನು ಅಂಥವನೇ" ಎಂದು ನನ್ನ ಕಿವಿಯಲ್ಲೂ ಒಬ್ಬ ಉಸುರಿದ್ದ, ನಾನೂ ನಂಬಿದ್ದೆ. ಅವನಿಗೆ ಹೆಂಡತಿ ಇದ್ದಾಳೆ, ಎದೆಯೆತ್ತರ ಬೆಳೆದ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಹೆಂಡತಿಯೆಂದರೆ ಪ್ರಾಣ. ಇದೆಲ್ಲ ಮಂಡಿಗೆ ಗೊತ್ತಿದ್ದೂ ಲೆಕ್ಕಕ್ಕಿಲ್ಲ, ಏಕೆಂದರೆ ಕಿರುಬೆರಳು ಕಣ್ಣಿಗೆ ಕಾಣುತ್ತದೆ.

"ನಾನೂ ನಕ್ಕಿದ್ದೀನಿ" ಅನ್ನುವಾಗ ಮೀಸೆಯಣ್ಣನ ದನಿ ತಗ್ಗುತ್ತದೆ. "ನನ್ನ ಪಾಲಿನ ಚುಚ್ಚುಮಾತು ಅವನು ತಿಂತಿದ್ದ. ನಾನು ಅವನ ಅಂಗಡೀಲೇ ಕೂತು ಅವನ ಟೀನೇ ಕುಡಿದು ನಗ್ತಿದ್ದೆ."

ಈಚೆಗೆ ರೋಲರಿನ ಅದುರಾಟಕ್ಕೆ ಡ್ರೈವರ್ ಅವರ ಬೆನ್ನುಮೂಳೆ ಕೈಕೊಟ್ಟಿತು. ಕಾಲು ಮರಗಟ್ಟತೊಡಗಿತು. ಆಪರೇಷನ್ ಆಗಲೇಬೇಕು, ಮೂರು ದಿನ ಹಗಲೂ ರಾತ್ರಿ ಒಬ್ಬರು ಜೊತೆಗಿರಬೇಕು ಅಂದರು ಡಾಕ್ಟರು. "ಮನೇಲಿ ಹೆಂಗಸರು ಯಾರೂ ಇಲ್ವಾ?" ಎಂದು ವಾರ್ಡಿನ ಆಯಾ ಕೇಳಿದಳಂತೆ. ಹೇಳದೆ ಕೇಳದೆ ಗುಂಪಿನಿಂದ ಮೂರು ದಿನ ತಪ್ಪಿಸಿಕೊಂಡವನ ಜಾಗ ಇನ್ನೊಬ್ಬನ ಪಾಲು. ಸುಳ್ಳು ಹೇಳಬಹುದಿತ್ತು, ತಮ್ಮ ಅಂತಲೋ, ಚಿಕ್ಕಪ್ಪನ ಮಗ ಅಂತಲೋ. "ಹದಿನಾರು ವರ್ಷ ಅವನಿಗೆ ಬೇರೆ ಬೇರೆ ಹೆಸರು ಇಟ್ಟೆ. ಆಪರೇಷನ್ ಆಗೋ ದಿನ ಆದ್ರೂ ಸರಿಯಾಗಿ ಹೇಳೋಣ ಅನ್ನಿಸ್ತು."

ಮೊದಲು ಹೇಳಿದ್ದು ಟೀ ಅಂಗಡಿಯವನಿಗೆ, ತಪ್ಪಾಯಿತು ಅನ್ನುವ ಮಾತಿನ ಜೊತೆಗೆ. ಅವನು ಪಾತ್ರೆ ಒರೆಸುತ್ತಲೇ ಅಂದನಂತೆ, "ನೀನು ಹೇಳ್ಕೊಂಡ್ರೆ ನನ್ನನ್ನ ಬಿಟ್ಟುಬಿಡ್ತಾರೆ ಅಂದ್ಕೊಂಡ್ಯಾ ಅಣ್ಣ? ನನ್ನ ನಡಿಗೆ ಹೀಗೇ ಇರುತ್ತೆ. ಹೋಗು, ಹೇಳು. ನಿನಗೆ ಹಗುರ ಆಗುತ್ತೆ."

ಮೂಟೆಗಳ ಮೇಲೆ ಕೂತು ಎಲ್ಲರೂ ಟೀ ಕುಡಿಯುವ ಹೊತ್ತಿಗೆ ಮೀಸೆಯಣ್ಣ ಡ್ರೈವರ್ ತನಗೆ ಯಾರೆಂದು ಹೇಳಿ ಮೂರು ದಿನದ ಮನೆ ಮೂಟೆ ಕೇಳಿದರು. ಎಲ್ಲರೂ ಹೋ ಎಂದು ನಕ್ಕರು. ಒಬ್ಬ ಬೆನ್ನಿಗೆ ಗುದ್ದಿ, "ಇಷ್ಟು ದಪ್ಪ ಮೀಸೆ ಇಟ್ಕೊಂಡು ಎಂಥ ತಮಾಷೆ ಮಾಡ್ತೀಯೋ" ಅಂದ. ಇನ್ನೊಮ್ಮೆ ಹೇಳಿದರು, ಇನ್ನೂ ಜೋರಾಗಿ ನಕ್ಕರು. ಮೂರನೆಯ ಸಲ ಹೇಳುವಾಗ ಇವರ ಕಣ್ಣಲ್ಲಿ ನೀರಿತ್ತು. ಆಗ ಲೋಟಗಳು ಒಂದೊಂದಾಗಿ ಕೆಳಗಿಳಿದವು. ಪಕ್ಕದಲ್ಲಿ ಕೊಳೆತ ಈರುಳ್ಳಿ ಆರಿಸುತ್ತಿದ್ದ ಅಜ್ಜಿ ಮಾತ್ರ ತಲೆ ಎತ್ತದೆ ಹೇಳಿದಳಂತೆ, "ನನಗೆ ಯಾವತ್ತೋ ಗೊತ್ತಿತ್ತು. ಈ ಗಂಡಸರಿಗೆ ಮೀಸೆ ಕಾಣುತ್ತೆ, ಮುಖ ಕಾಣಲ್ಲ."

ಮೇಸ್ತ್ರಿ ಅರವತ್ತು ದಾಟಿದವರು, ಕೆಟ್ಟ ಮನುಷ್ಯರಲ್ಲ. ಮೀಸೆಯಣ್ಣನನ್ನು ತಕ್ಕಡಿಯ ಹಿಂದೆ ಕರೆದು ವಿಚಾರಣೆ ನಡೆಸಿದರು.

"ಅಲ್ಲಯ್ಯ, ನಿಮ್ಮಿಬ್ಬರಲ್ಲಿ ಅಡುಗೆ ಮಾಡೋರು ಯಾರು?"

"ಮೊದಲು ಮನೆಗೆ ಬಂದೋರು."

"ಹಾಗಲ್ಲ. ಬಟ್ಟೆ ಒಗೆಯೋದು?"

"ಅವನು. ನನಗೆ ಸೋಪು ಆಗಿಬರಲ್ಲ, ಕೈ ಒಡೆಯುತ್ತೆ."

"ಹಾಗಾದ್ರೆ ಅವನೇ ಹೆಂಡ್ತಿ ಥರ ಅನ್ನು."

"ಅವನು ಹತ್ತು ಟನ್ ರೋಲರ್ ಓಡಿಸ್ತಾನೆ ಮೇಸ್ತ್ರಿ. ಅವನು ಸೂಜಿ ಹಿಡಿದು ನನ್ನ ಬಟ್ಟೆಗೆ ಗುಂಡಿ ಹಾಕೋ ರಭಸ ನೋಡಿದ್ರೆ ನೀವು ಓಡಿಹೋಗ್ತೀರಿ."

ಮೇಸ್ತ್ರಿ ತಲೆ ಕೆರೆದುಕೊಂಡು, "ಯೋಚನೆ ಮಾಡ್ತೀನಿ" ಅಂದರು. ಇಬ್ಬರು ಗಂಡಸರ ಪ್ರೀತಿಯನ್ನು ಅವರು ಹೇಗೋ ನುಂಗಿಕೊಳ್ಳುತ್ತಿದ್ದರೇನೋ. ಇಬ್ಬರಲ್ಲಿ ಯಾರನ್ನೂ ಹೆಂಡತಿಯ ಜಾಗದಲ್ಲಿ ಕೂರಿಸಲಾಗುತ್ತಿಲ್ಲವಲ್ಲ, ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಮನೆ ಮೂಟೆ ಎಂದರೆ ಮನೆ ಇರಬೇಕು, ಮನೆ ಎಂದರೆ ಅಲ್ಲೊಬ್ಬಳು ಹೆಂಗಸಿರಬೇಕು. ಇಷ್ಟೇ ಅವರಿಗೆ ಗೊತ್ತಿದ್ದ ಲೆಕ್ಕ, ನನಗೂ ಮೊದಲ ದಿನ ಅಷ್ಟೇ ಗೊತ್ತಿತ್ತು. ಮುಂದಿನ ನಾಲ್ಕು ದಿನ ಮೀಸೆಯಣ್ಣನ ಜೊತೆ ಮೂಟೆ ಎತ್ತಿದವರೆಲ್ಲ ಮಾತು ಮಾತ್ರ ಎತ್ತಲಿಲ್ಲ. ಉತ್ತರ ಸಿಗದೆಯೇ ಇವರು ಆಸ್ಪತ್ರೆಗೆ ಹೊರಟರು.

ಆಪರೇಷನ್ ದಿನ ಬೆಳಗಿನ ಐದೂವರೆಗೆ ನಾನು ಮಂಡಿಯಲ್ಲಿದ್ದೇನೆ. ಲಾರಿ ನಿಂತಿದೆ, ಹತ್ತು ಮಂದಿ ನಿಂತಿದ್ದಾರೆ. ಮೇಸ್ತ್ರಿ ಎರಡು ಸಲ ಕೆಮ್ಮುತ್ತಾರೆ. ಬೇರೆಯವರ ಹೆಸರು ಕೂಗುವಾಗ ಇವರು ಕೆಮ್ಮಿದ್ದನ್ನು ಯಾರೂ ಕಂಡಿಲ್ಲ. ಆಮೇಲೆ ಎಂದಿನ ದನಿಯಲ್ಲೇ ಕೂಗುತ್ತಾರೆ, "ಇವತ್ತು ಮೀಸೆ ಬರಲ್ಲ. ಮೀಸೆದು ಮನೆ ಮೂಟೆ. ತಲೆಗೆ ಹನ್ನೊಂದು."

ಯಾರೂ ಕದಲುವುದಿಲ್ಲ. ಕುಳ್ಳ ತಲೆಯ ಗೋಣಿ ತೆಗೆದು ತಕ್ಕಡಿಯ ಮೇಲೆ ಎಸೆಯುತ್ತಾನೆ. "ನನ್ನ ಪಾಲಿಂದು ಹೊರ್ತೀನಿ, ಅದನ್ನ ಹೊರಲ್ಲ. ನಾನಿದನ್ನ ಒಪ್ಪಲ್ಲ." ಉಳಿದವರು ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಕೆಲಸಕ್ಕೆ ಇಳಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಲಾರಿಯೂ ಬರಿದಾಗುತ್ತದೆ. ಮೂಲೆಯಲ್ಲಿ ಕುಳ್ಳನ ಪಾಲಿಗೆಂದು ಇಳಿಸಿಟ್ಟ ಹನ್ನೊಂದು ಮೂಟೆ ಮಾತ್ರ ಹಾಗೇ ಇವೆ. ಯಾರೂ ಅವನ್ನು ಮುಟ್ಟುವುದಿಲ್ಲ. ಕುಳ್ಳ ಒಂದು ಟೀ ಕುಡಿಯುತ್ತಾನೆ, ಇನ್ನೊಂದು ಕುಡಿಯುತ್ತಾನೆ. ಆಮೇಲೆ ಎದ್ದು ಗೋಣಿ ಕೊಡವಿ ತಲೆಗೆ ಹಾಕಿಕೊಳ್ಳುತ್ತಾನೆ.

"ನನ್ನ ಹೆಂಡ್ತಿ ಹೆರಿಗೇಲಿ ಒಂಬತ್ತು ದಿನ ಹೊತ್ತಿದ್ದಾನೆ" ಎಂದು ಯಾರಿಗೋ ಎಂಬಂತೆ ಹೇಳುತ್ತಾನೆ. "ಒಪ್ಪೋದು ಬಿಡೋದು ಆಮೇಲೆ. ಎತ್ತಿಕೊಡ್ರೋ."

ಸಂಜೆ ಆಸ್ಪತ್ರೆಗೆ ಹೋಗುತ್ತೇನೆ. ಆಪರೇಷನ್ ಸರಿಯಾಗಿ ಆಗಿದೆ. ರೋಲರ್ ಡ್ರೈವರ್ ಅರೆನಿದ್ದೆಯಲ್ಲಿದ್ದಾರೆ. ಮೀಸೆಯಣ್ಣ ಪುಟ್ಟ ಸ್ಟೂಲಿನ ಮೇಲೆ ಮುದುಡಿ ಕೂತಿದ್ದಾರೆ, ಮೀಸೆ ತಿರುವಿಲ್ಲ, ತುದಿಗಳು ಜೋತುಬಿದ್ದಿವೆ. ನನ್ನನ್ನು ಕಂಡದ್ದೇ ಕೇಳುತ್ತಾರೆ, "ಮೇಸ್ತ್ರಿ ಏನಂತ ಕೂಗಿದ್ರು?"

"ಮೀಸೆದು ಮನೆ ಮೂಟೆ ಅಂತ."

ಅವರು ಮಂಚದ ಕಡೆ ಬಗ್ಗಿ, "ಕೇಳಿಸ್ತೇನೋ?" ಅನ್ನುತ್ತಾರೆ. ಮಂಚದಿಂದ ಕಣ್ಣು ಬಿಡದೆಯೇ ಪ್ರಶ್ನೆ ಬರುತ್ತದೆ, "ಕುಳ್ಳ ಹೊತ್ತನಾ?"

ಹೊತ್ತ, ಕೊನೆಗೆ ಹೊತ್ತ ಎಂದು ನಡೆದದ್ದನ್ನೆಲ್ಲ ಹೇಳುತ್ತೇನೆ. ಮೀಸೆಯಣ್ಣ ಜಾರಿದ ಹೊದಿಕೆಯನ್ನು ಡ್ರೈವರ್ ಎದೆಯವರೆಗೆ ಎಳೆಯುತ್ತಾರೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದರೆ, "ಬರೀರಿ. ಮೀಸೆ ಅಂತಲೇ ಬರೀರಿ" ಅನ್ನುತ್ತಾರೆ. ಬೇರೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ, ಇಂಥ ಬರಹಕ್ಕೆ ಕೊನೆಯಲ್ಲಿ ಒಂದು ಆಸೆ ಬೇಕಾಗುತ್ತದೆ.

"ಸೋಮವಾರ ಕುಳ್ಳನ ಅತ್ತೆಗೆ ಕಣ್ಣಿನ ಆಪರೇಷನ್ನು. ಅಷ್ಟರೊಳಗೆ ಇವನು ಎದ್ದು ಕೂತ್ರೆ ಸಾಕು, ನಾನು ಮಂಡಿಗೆ ಹೋಗ್ಬೇಕು" ಅನ್ನುತ್ತಾರೆ, ಬೆರಳು ತಾನಾಗಿ ಮೀಸೆಯ ತುದಿಗೆ ಹೋಗುತ್ತದೆ. "ಅವನ ಮನೆ ಮೂಟೆ ಬೇರೆ ಯಾರೂ ಹೊರಬಾರದು."